ಹಂಚಿನ ಕಾರ್ಖಾನೆಯಲ್ಲಿ ಕಂಪೈಲರ್ ಕಾಟ

ನಾನು ಸೊಕ್ಕಿನವಳೆಂದು ನಮ್ಮ ಬಳಗದಲ್ಲಿ ಮೊದಲಿನಿಂದಲೂ ಹೆಸರಿದೆ. ಆ ಹೆಸರನ್ನು ಅಳಿಸಿಕೊಳ್ಳಲು ನಾನು ಯಾವ ಪ್ರಯತ್ನವನ್ನೂ ಮಾಡಿದವಳಲ್ಲ. ಕಾರಣವಿಲ್ಲದೆ ಸೊಕ್ಕು ಮಾಡುವವರು ನಾಚಿಕೊಳ್ಳಬೇಕು, ನನಗೆ ಕಾರಣವಿತ್ತು. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ಬೆಳಗಾವಿಯಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್‌ಸಿ. ಮುಗಿಸಿದ ಹುಡುಗಿಯ ಮುಂದಿದ್ದ ದಾರಿಗಳು ಎಲ್ಲರಿಗೂ ಗೊತ್ತಿದ್ದವೇ. ಶಾಲೆಯಲ್ಲಿ ಕಲಿಸಬಹುದು, ಬ್ಯಾಂಕಿನ ಪರೀಕ್ಷೆಗೆ ಕೂಡಬಹುದು, ಇಲ್ಲವೇ ಇಸ್ತ್ರಿ ಮಾಡಿದ ಸೀರೆಯುಟ್ಟು ಉಪ್ಪಿಟ್ಟಿನ ತಾಟು ಹಿಡಿದು ಗಂಡಿನ ಕಡೆಯವರ ಮುಂದೆ ಬರಬಹುದು. ನಾನು ಇವು ಯಾವುದನ್ನೂ ಮಾಡದೆ ಪುಣೆಗೆ ಹೋಗಿ, ಸೋದರಮಾವನ ಮನೆಯಲ್ಲಿದ್ದುಕೊಂಡು, ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದೆ. ನಮ್ಮಪ್ಪನಿಗೆ ಇದನ್ನು ಬಂಧುಗಳ ಮುಂದೆ ಹೇಗೆ ವಿವರಿಸಬೇಕೆಂದು ತಿಳಿಯುತ್ತಿರಲಿಲ್ಲ. "ಟೈಪಿಂಗ್ ಕಲ್ತಾಳ್ರಿ, ಆದ್ರ ಇದು ದೊಡ್ಡ ಟೈಪಿಂಗು" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ದೊಡ್ಡ ಟೈಪಿಂಗು ಕಲಿತವಳಿಗೆ ಮೊದಲು ಕೆಲಸ ಸಿಕ್ಕಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ. ಅಲ್ಲಿ ಎರಕ ಹೊಯ್ದ ಸಾಮಾನು ಬೇರೆ ಬೇರೆ ಊರುಗಳಿಗೆ ಹೋಗುತ್ತಿತ್ತು. ಯಾವ ಊರಿನ ಸಾಮಾನನ್ನು ಯಾವ ಲಾರಿಗೆ ಹೇರಿದರೆ ಲಾರಿ ಅರ್ಧ ಖಾಲಿ ಓಡುವುದಿಲ್ಲ, ಒಂದೇ ರಸ್ತೆಗೆ ಎರಡು ಸಲ ಹೋಗುವುದಿಲ್ಲ ಎಂದು ಹೇಳುವ ಪ್ರೋಗ್ರಾಮನ್ನು ನಾನು ಬರೆದೆ. ಬರೆದದ್ದು ಮೊದಲ ಸಲಕ್ಕೇ ಸರಿಯಾಗಿ ನಡೆಯಿತೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಆದರೆ ಬೇಗ ನಡೆಯಿತು. ಅದನ್ನು ನೋಡಿ ಮೆಚ್ಚಿದವರು ಖಾನಾಪುರದ ಹಂಚಿನ ಕಾರ್ಖಾನೆಯ ಮಾಲಕರಾದ ಅಪ್ಪಾಸಾಹೇಬರು. ಫೌಂಡ್ರಿಯ ಮಾಲಕರು ಅವರ ಗೆಳೆಯರು. ಇಬ್ಬರೂ ಚಹಾ ಕುಡಿಯುತ್ತ ಮಾತಾಡಿಕೊಂಡರು. ಕಪ್ಪು ಕೆಳಗಿಡುವಷ್ಟರಲ್ಲಿ ಪ್ರೋಗ್ರಾಮನ್ನೂ ನನ್ನನ್ನೂ ಖಾನಾಪುರಕ್ಕೆ ಕೊಡುವುದು ನಿಕ್ಕಿಯಾಗಿತ್ತು. ಸಂಬಳ ಹೆಚ್ಚು, ಹುದ್ದೆ ದೊಡ್ಡದು. ಆದರೆ ಒಂದು ಮಾತಿತ್ತು. ದೀಪಾವಳಿಯ ಪಾಡ್ಯದ ದಿನ ಅಪ್ಪಾಸಾಹೇಬರ ಬಳಗದವರ ಮುಂದೆ ಕಂಪ್ಯೂಟರ್ ಲಾರಿ ಹೇರುವ ಲೆಕ್ಕ ಮಾಡಿ ತೋರಿಸಬೇಕು. ತೋರಿಸಿದರೆ ನನ್ನ ನೌಕರಿ ಖಾಯಂ. ನಮ್ಮಪ್ಪನೂ ಇದಕ್ಕೆ ತಮ್ಮದೊಂದು ಬಾಲ ಕಟ್ಟಿದರು: ಖಾಯಂ ಆದರೆ ನನ್ನ ಮದುವೆಯ ಮಾತು ಸದ್ಯಕ್ಕೆ ಎತ್ತುವುದಿಲ್ಲ, ಆಗದಿದ್ದರೆ ಶಾಲೆಗೊಂದು ಅರ್ಜಿ, ಉಪ್ಪಿಟ್ಟಿಗೊಂದು ತಾಟು.

ಬಳಗದವರ ಮುಂದೆಯೇ ಯಾಕೆ ತೋರಿಸಬೇಕೆಂದರೆ, ಬಳಗದಲ್ಲಿ ಶಿವಪುತ್ರಪ್ಪನವರಿದ್ದರು. ಅಪ್ಪಾಸಾಹೇಬರ ಅಕ್ಕನ ಗಂಡ, ಕಾಕತಿಯವರು. ಮನೆಯ ಹಿರಿಯ ಅಳಿಯನಾದ್ದರಿಂದ ಅವರ ಮಾತಿಗೆ ಎದುರು ಮಾತಿಲ್ಲ. ಕಂಪ್ಯೂಟರಿಗೆ ಸುರಿದ ಹಣಕ್ಕೆ ಹೊಸ ಲಾರಿ ತೆಗೆದುಕೊಳ್ಳಬೇಕಿತ್ತೆಂಬುದು ಅವರ ವಾದ. ಲಾರಿ ಕಣ್ಣಿಗೆ ಕಾಣುತ್ತದೆ, ಹಂಚು ಹೊರುತ್ತದೆ, ಮುಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸಬಹುದು. ಇದೇನು ಮಾಡುತ್ತದೆ? ಅಪ್ಪಾಸಾಹೇಬರು ತಮ್ಮ ಜೀವನದಲ್ಲಿ ಮೊದಲ ಸಲ ಭಾವನವರ ಮಾತು ಮೀರಿ ಆ ಯಂತ್ರವನ್ನು ತಂದಿದ್ದರು. ಮೀರಿದ ಮೇಲೆ ಅವರಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಯಂತ್ರಕ್ಕಾಗಿ ಆಫೀಸಿನ ಬಾಜೂಕ್ಕೆ ಒಂದು ಕೋಣೆ ಕಟ್ಟಿಸಿ, ಅದಕ್ಕೆ ಏಸಿ ಕೂಡಿಸಿದ್ದರು. ಖಾನಾಪುರದ ತಂಪು ಹವೆಗೆ ಏಸಿ ಯಾಕೆಂದು ಯಾರೂ ಕೇಳಲಿಲ್ಲ. ಮಾರಿದವರು ಹೇಳಿದ್ದರು, ಹಾಕಿಸಿದರು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಕೆಲವರು ಕೈಮುಗಿದೇ ಒಳಗೆ ಬರುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ಹಂಚು ಸುಡುವ ಭಟ್ಟಿಯ ಧೂಳು ಬರದ ಜಾಗ ಅದೊಂದೇ ಆದ್ದರಿಂದ ಅಪ್ಪಾಸಾಹೇಬರ ತಾಯಿ ಊಟ ಮುಗಿಸಿ ಅಲ್ಲಿಗೆ ಬಂದು ಕೂಡತೊಡಗಿದರು. ಎಲ್ಲರಿಗೂ ಅವರು ಆಯಿ, ನಾನು ಕಂಪ್ಯೂಟರಿನ ಬಾಯಾರು. ಕಾರ್ಖಾನೆಯ ಕಾಂಪೌಂಡಿನೊಳಗೇ ಮನೆ. ಶಾಲು ಹೊದ್ದು, ಕಾಲು ಮಡಚಿ ಕುರ್ಚಿಯ ಮೇಲೆ ಕೂತು, ನಾನು ಕೀಲಿ ಒತ್ತುವುದನ್ನು ನೋಡುತ್ತಿದ್ದರು. ನನಗೆ ಮೊದಲು ಕಿರಿಕಿರಿಯಾಯಿತು. ಆಮೇಲೆ ಆಯಿ ಇಲ್ಲದ ಮಧ್ಯಾಹ್ನಗಳಲ್ಲಿ ಬೇಸರವಾಗತೊಡಗಿತು.

ಈಗ ಕಂಪೈಲರಿನ ವಿಷಯ ಹೇಳಬೇಕು. ನಾವು ಬರೆದ ಪ್ರೋಗ್ರಾಮು ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ನಡುವೆ ಒಬ್ಬ ತರ್ಜುಮೆದಾರ ಬೇಕು; ಆ ತರ್ಜುಮೆ ಮಾಡುವ ಪ್ರೋಗ್ರಾಮೇ ಕಂಪೈಲರ್. ನಮ್ಮ ಕಡೆ ತರ್ಜುಮೆ ಯಾರಿಗೂ ದೊಡ್ಡ ಕೆಲಸವಲ್ಲ. ದಿನಾ ಖಾನಾಪುರಕ್ಕೆ ಬರಲು ನಾನು ಬೆಳಗಾವಿಯಲ್ಲಿ ಹತ್ತುವ ಪ್ಯಾಸೆಂಜರ್ ಗಾಡಿ ದೇಸೂರು ಸ್ಟೇಶನ್ನಿಗೆ ಬರುವಷ್ಟರಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದು, ಅದಕ್ಕೆ ಮತ್ತೊಬ್ಬರು ಉರ್ದುವಿನಲ್ಲಿ ನಕ್ಕಿರುತ್ತಾರೆ. ಯಾರೂ ಯಾರ ವ್ಯಾಕರಣವನ್ನೂ ನೋಡುವುದಿಲ್ಲ. ಕಂಪೈಲರ್ ಹಾಗಲ್ಲ. ಒಂದು ಚುಕ್ಕೆ ಬಿಟ್ಟರೆ ಸಾಕು, ತರ್ಜುಮೆ ಮಾಡುವುದಿಲ್ಲವೆಂದು ಕೈಕಟ್ಟಿ ನಿಂತುಬಿಡುತ್ತದೆ. ನಿಲ್ಲುವುದಷ್ಟೇ ಅಲ್ಲ, ಯಾಕೆ ನಿಂತೆನೆಂದು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಕೆಲವು ಸಲ ಅದು ಕೊಡುವ ಕಾರಣ ನಿಜವಾದ ಕಾರಣವಾಗಿರುವುದೇ ಇಲ್ಲ.

ಬೆಳಗಾವಿಯಲ್ಲಿ ಸರಾಗವಾಗಿ ನಡೆಯುತ್ತಿದ್ದ ಪ್ರೋಗ್ರಾಮಿನಲ್ಲಿ ಎರಕದ ಸಾಮಾನಿನ ಹೆಸರು ತೆಗೆದು ಹಂಚಿನ ಹೆಸರು ಹಾಕಿ, ಅಲ್ಲಿಯ ಕಂಪೈಲರಿಗೆ ಕೊಟ್ಟು ಪರೀಕ್ಷಿಸಿಯೇ, ಫ್ಲಾಪಿಗಳನ್ನು ಜೋಪಾನವಾಗಿ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದೆ. ಅಪ್ಪಾಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಕೀಲಿ ಒತ್ತಿದರೆ ಮುಗಿಯಿತು ಎಂದು ಅವರಿಗೆ ಹೇಳಿ, ಒತ್ತಿದೆ. ಪರದೆಯ ತುಂಬ ತಪ್ಪುಗಳು ಬಂದವು. ತುಂಬಿದ ಮೇಲೆ ಮೇಲಕ್ಕೆ ಸರಿದು ಮತ್ತೆ ತುಂಬಿದವು. ಎಲ್ಲಕ್ಕೂ ಕೊನೆಗೆ ಇಂಗ್ಲಿಷಿನಲ್ಲಿ 'ಫೇಟಲ್ ಎರರ್' ಎಂಬ ಮಾತಿತ್ತು. ಅಪ್ಪಾಸಾಹೇಬರು ಇಂಗ್ಲಿಷ್ ಪೇಪರು ಓದುವವರು. ಫೇಟಲ್ ಎಂಬ ಮಾತನ್ನು ಅವರು ಅಪಘಾತದ ಸುದ್ದಿಗಳಲ್ಲಿ ಮಾತ್ರ ಕಂಡಿದ್ದರು. ಮುಖ ಬಿಳಿಚಿಕೊಂಡಿತು. ಯಾರಿಗೇನು ಆಯಿತೆಂದು ಮೆಲ್ಲಗೆ ಕೇಳಿದರು. ಯಾರಿಗೂ ಏನೂ ಆಗಿಲ್ಲ, ಇದು ಅದರ ಮಾತಿನ ರೀತಿ ಎಂದು ಸಮಾಧಾನ ಹೇಳಿ ಕಳಿಸಿದೆ. ಅವರು ಹೊರಗೆ ಹೋಗಿ ಯಂತ್ರಕ್ಕೆ ದೃಷ್ಟಿ ತೆಗೆಸುವ ವ್ಯವಸ್ಥೆ ಮಾಡಿದರು.

ತಪ್ಪುಗಳ ರಾಶಿ ಕಂಡರೆ ಹೊಸಬರು ಕೆಳಗಿನಿಂದಲೋ ನಡುವಿನಿಂದಲೋ ತಿದ್ದಲು ಹೊರಡುತ್ತಾರೆ. ನಾನು ಹೊಸಬಳಾಗಿರಲಿಲ್ಲ. ಮೊದಲನೆಯದನ್ನು ಮಾತ್ರ ಓದಿದೆ. ಹಂಚಿನ ಜಾತಿಗಳ ವಿವರವನ್ನು ನಾನು ಬೇರೆ ಫೈಲಿನಲ್ಲಿ ಇಟ್ಟಿದ್ದೆ. ಆ ಫೈಲು ಸಿಗಲಿಲ್ಲವೆಂದು ಕಂಪೈಲರಿನ ತಕರಾರು. ಅದು ಸಿಗದ್ದರಿಂದ ಮುಂದೆ ಎಲ್ಲೆಲ್ಲಿ ಹಂಚಿನ ಹೆಸರು ಬಂದಿತ್ತೋ ಅಲ್ಲೆಲ್ಲ ಇವರು ಯಾರು, ನನಗೆ ಗುರುತಿಲ್ಲ ಎಂದು ಹಟ ಹಿಡಿದಿತ್ತು. ಆಯಿ ಕುರ್ಚಿಯಿಂದಲೇ ಕೇಳಿದರು:

"ಅಷ್ಟುದ್ದ ಏನ ಬೈಯಾಕತ್ತೈತಿ ತಂಗಿ ಅದು?"

"ಮನಿಗೆ ಬಂದವರ ಗುರುತು ಹೇಳಿಲ್ಲಂತ ಸಿಟ್ಟು ಮಾಡೇತ್ರಿ ಆಯಿ. ಅವರು ಯಾರಂತ ಬರದಿಟ್ಟ ಕಾಗದ ಅದಕ್ಕ ಸಿಕ್ಕಿಲ್ಲ."

"ಮತ್ತ ಎಲ್ಲಿ ಇಟ್ಟೀಯಂತ ಹೇಳಬಾರದ?"

ಅದನ್ನೇ ಮಾಡಬೇಕಾಗಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಎಲ್ಲಿ ಹೇಳಬೇಕೆಂಬುದು. ಬೆಳಗಾವಿಯ ಯಂತ್ರದಲ್ಲಿ ನಾನು ಎಂದೂ ಹೇಳಿರಲಿಲ್ಲ, ಅದು ತಾನಾಗಿಯೇ ಹುಡುಕಿಕೊಳ್ಳುತ್ತಿತ್ತು. ಕೂತು ವಿಚಾರ ಮಾಡಿದೆ. ಯಂತ್ರ ಯಾವುದನ್ನೂ ತಾನಾಗಿಯೇ ಮಾಡುವುದಿಲ್ಲ, ಯಾರೋ ಹೇಳಿಕೊಟ್ಟಿರಬೇಕು. ಶುರುವಾದ ಕೂಡಲೇ ಯಂತ್ರ ಓದಿಕೊಳ್ಳುವ ಚಿಕ್ಕ ಫೈಲೊಂದು ಇರುತ್ತದೆ. ಯಾವ ಸಾಮಾನು ಯಾವ ಗೂಡಿನಲ್ಲಿದೆ ಎಂದು ಅದರಲ್ಲಿ ಬರೆದಿಡಬಹುದು. ಫೌಂಡ್ರಿಯ ಯಂತ್ರವನ್ನು ಕೂಡಿಸಿಹೋದ ಇಂಜಿನಿಯರು ಅದನ್ನು ಬರೆದೇ ಹೋಗಿದ್ದ. ಖಾನಾಪುರದ್ದು ಹೊಚ್ಚ ಹೊಸದು, ಅದರ ತಲೆಯಲ್ಲಿ ಏನೂ ಇರಲಿಲ್ಲ. ನಾನು ಎರಡು ಸಾಲು ಬರೆದು, ಯಂತ್ರ ಆರಿಸಿ ಮತ್ತೆ ಶುರು ಮಾಡಿದೆ. ತಪ್ಪುಗಳ ರಾಶಿ ಕರಗಿ ಒಂದು ಹಿಡಿಯಷ್ಟಾಯಿತು. ಸಂಜೆಯ ಗಾಡಿಗೆ ನಾನು ಎದೆಯುಬ್ಬಿಸಿಕೊಂಡು ಹೋದೆ. ಉಳಿದ ಹಿಡಿ ತಪ್ಪು ನಾಳೆ ಚಹಾದ ಹೊತ್ತಿಗೆ ಮುಗಿಯುತ್ತದೆಂದು ಸ್ಟೇಶನ್ನಿನ ತನಕ ಬಿಡಲು ಬಂದ ಅಪ್ಪಾಸಾಹೇಬರಿಗೆ ಮಾತು ಕೊಟ್ಟೆ.

ಚಹಾ ಬಂದು ಹೋಯಿತು, ಊಟ ಬಂದು ಹೋಯಿತು, ಆ ಹಿಡಿ ತಪ್ಪು ಹಾಗೆಯೇ ಇತ್ತು. ಅದು ತೋರಿಸುತ್ತಿದ್ದ ಸಾಲುಗಳಲ್ಲಿ ಯಾವ ಕೊರತೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಚುಕ್ಕೆ ಇರುವಲ್ಲಿ ಚುಕ್ಕೆ ಇತ್ತು. ಇದೇ ಸಾಲುಗಳನ್ನು ಬೆಳಗಾವಿಯಲ್ಲಿ ಕಂಪೈಲರ್ ತುಟಿ ಪಿಟಕ್ಕೆನ್ನದೆ ತರ್ಜುಮೆ ಮಾಡುತ್ತಿತ್ತು. ಆಯಿ ನನ್ನ ಮುಖ ನೋಡಿ, ಯಂತ್ರಕ್ಕೆ ಥಂಡಿ ಹಿಡಿದಿದೆ ಎಂದರು. ಆಯಿಯ ಮಾತು ಅಪ್ಪಾಸಾಹೇಬರಿಗೆ ವೇದವಾಕ್ಯ. ಏಸಿ ನಿಂತಿತು, ಭಟ್ಟಿಯಿಂದ ಕೆಂಡ ತುಂಬಿದ ಶೆಗಡಿ ಬಂತು. ಕಂಪ್ಯೂಟರನ್ನು ತಂಪಾಗಿಡಲೆಂದು ಕಟ್ಟಿಸಿದ ಕೋಣೆಯಲ್ಲಿ ನಾವೆಲ್ಲ ಬಾಣಂತಿಯರ ಹಾಗೆ ಬೆವರುತ್ತ ಕೂತೆವು. ನಾನು ಬೇಡವೆನ್ನಬಹುದಾಗಿತ್ತು. ಆದರೆ ಆ ಹೊತ್ತಿಗೆ ನನಗೂ ಫ್ಲಾಪಿಯೇ ತೇವ ಹಿಡಿದು ಕೆಟ್ಟಿರಬಹುದೆಂಬ ಸಂಶಯ ಬಂದಿತ್ತು. ಮರುದಿನ ಬೆಳಗಾವಿಯ ಫೌಂಡ್ರಿಗೆ ಹೋಗಿ ಹೊಸ ಫ್ಲಾಪಿಗೆ ಎಲ್ಲವನ್ನೂ ಮತ್ತೆ ನಕಲು ಮಾಡಿ ತಂದೆ. ಅದೇ ತಪ್ಪುಗಳು, ಅದೇ ಸಾಲುಗಳಲ್ಲಿ ಬಂದವು. ಫ್ಲಾಪಿಯ ಮೇಲಿನ ಆರೋಪ ಬಿದ್ದುಹೋಯಿತು. ಪಾಡ್ಯ ಮಾತ್ರ ಅಷ್ಟು ಹತ್ತಿರ ಬಂತು.

ಆಮೇಲೆ ಸಾಲುಗಳ ಅರ್ಥ ನೋಡುವುದನ್ನು ಬಿಟ್ಟು, ತಪ್ಪು ಬಂದ ಸಾಲುಗಳಲ್ಲಿ ಇದ್ದು, ಬರದ ಸಾಲುಗಳಲ್ಲಿ ಇಲ್ಲದ್ದು ಏನೆಂದು ನೋಡತೊಡಗಿದೆ. ಆಗ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ 'ಕ್ಲಾಸ್' ಎಂಬ ಹೆಸರಿತ್ತು. ಹಂಚಿನಲ್ಲಿ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಎಂದು ವಿಂಗಡಣೆ ಇರುತ್ತದೆ. ಅದನ್ನು ಇಡಲು ನಾನು ಕೊಟ್ಟ ಹೆಸರು. ಪರೀಕ್ಷೆಗೆಂದು ಒಂದೇ ಒಂದು ಸಾಲಿನಲ್ಲಿ ಅದನ್ನು ತೆಗೆದು ಬೇರೆ ಹೆಸರು ಹಾಕಿದೆ. ಆ ಸಾಲಿನ ಹಳೆಯ ತಕರಾರು ಹೋಯಿತು. ಈ ಹೊಸ ಹೆಸರಿನವರು ಯಾರೆಂದಷ್ಟೇ ಕೇಳಿತು. ಅಲ್ಲಿಗೆ ಎಲ್ಲ ತಿಳಿಯಿತು. ಖಾನಾಪುರದ ಕಂಪೈಲರ್ ಹೊಸ ಕಾಲದ್ದು. ತನ್ನ ಸ್ವಂತ ಕೆಲಸಕ್ಕೆಂದು ಕೆಲವು ಮಾತುಗಳನ್ನು ಅದು ಹೊಸದಾಗಿ ಕಾದಿರಿಸಿಕೊಂಡಿತ್ತು; ಅವುಗಳಲ್ಲಿ ಕ್ಲಾಸ್ ಎಂಬುದೂ ಒಂದು. ಅದರ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡೆ. ಹಳೆಯ ಕಂಪೈಲರಿನಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳಬಹುದಾಗಿದ್ದ ಹೆಸರನ್ನು ಇಲ್ಲಿ ಬೇರೆಯವರು ಇಟ್ಟುಕೊಳ್ಳುವ ಹಾಗಿರಲಿಲ್ಲ.

ನನ್ನ ಮುಖ ಅರಳಿದ್ದನ್ನು ಕಂಡು ಆಯಿ ವಿಷಯ ಕೇಳಿದರು. ನಾನು ಇಟ್ಟ ಹೆಸರೇ ಈ ಮನೆಯ ಹಿರಿಯರಿಗೂ ಇದೆ, ಅದಕ್ಕೇ ಒಳಗೆ ಬಿಟ್ಟುಕೊಳ್ಳುತ್ತಿಲ್ಲ, ಹೆಸರು ಬದಲಿಸಬೇಕು ಎಂದೆ. ನಗುತ್ತಾರೆಂದುಕೊಂಡಿದ್ದೆ. ಆಯಿ ನಗಲಿಲ್ಲ. ಶಾಲು ಸರಿಮಾಡಿಕೊಂಡು, ನನ್ನ ಕಡೆಗಲ್ಲ, ಕಿಟಕಿಯ ಕಡೆಗೆ ನೋಡುತ್ತ ಹೇಳಿದರು.

"ತವರಮನ್ಯಾಗ ನನ್ನ ಹೆಸರು ಗಂಗವ್ವ. ಇಲ್ಲಿ ನಮ್ಮತ್ತಿ ಹೆಸರೂ ಗಂಗವ್ವ. ಮದವ್ಯಾಗ ಅಕ್ಕಿಕಾಳ ಬಿದ್ದ ದಿವಸನ ನನ್ನ ಪಾರ್ವತಿ ಮಾಡಿದ್ರು."

"ನಿಮಗ ಬ್ಯಾಸರ ಆಗಲಿಲ್ಲೇನ್ರಿ?"

"ಮೊದಲಿಗೆ ಪಾರ್ವತೀ ಅಂತ ಕರದ್ರ ನಾ ಓ ಅಂತಿರಲಿಲ್ಲ. ಯಾರಿಗೋ ಕರೀತಾರಂತ ಸುಮ್ನ ಕುಂದರ್ತಿದ್ದೆ. ನನಗ ಸೊಕ್ಕು ಅಂತ ಹೆಸರು ಬಂತು." ಮತ್ತೆ ಹೇಳಿದರು: "ಬದಲಿ ಮಾಡಿದ್ರ ಎಲ್ಲಾ ಕಡಿ ಮಾಡಬೇಕು ನೋಡು. ನಮ್ಮ ತಮ್ಮ ಬಂದಾಗೊಮ್ಮೆ ಗಂಗಕ್ಕಾ ಅಂತ ಒದರ್ತಿದ್ದ, ಅತ್ತಿ ಓ ಅಂತಿದ್ರು."

ಆಯಿಯ ಜೊತೆ ನಾನು ಬಹಳ ಹೊತ್ತು ನಕ್ಕೆ. ಆಮೇಲೆ ಕೂತು ಪ್ರೋಗ್ರಾಮಿನ ಉದ್ದಕ್ಕೂ ಹೆಸರು ಬದಲಿಸಿದೆ. ಆಯಿ ಅಷ್ಟು ಎಚ್ಚರಿಸಿದರೂ ಒಂದು ಮೂಲೆಯಲ್ಲಿ ಹಳೆಯ ಹೆಸರು ಉಳಿದುಬಿಟ್ಟಿತ್ತು. ಕಂಪೈಲರ್ ಅದನ್ನೊಂದೇ ಹಿಡಿದು ತೋರಿಸಿತು. ತಿದ್ದಿದೆ. ಪರದೆಯ ಮೇಲೆ 'ತಪ್ಪುಗಳು: ಸೊನ್ನೆ' ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಅಂಥ ಸುಂದರವಾದ ಸಾಲನ್ನು ನಾನು ಅಲ್ಲಿಯವರೆಗೆ ಓದಿರಲಿಲ್ಲ. ಆಯಿಯ ಕಾಲಿಗೆ ನಮಸ್ಕಾರ ಮಾಡಿದೆ. ತಮಗ್ಯಾಕೆ ನಮಸ್ಕಾರವೆಂದು ಅವರಿಗೆ ತಿಳಿಯಲಿಲ್ಲ, ಆದರೂ ಆಶೀರ್ವಾದ ಮಾಡಿದರು.

ಪಾಡ್ಯದ ಬೆಳಿಗ್ಗೆ ಕಾರ್ಖಾನೆಯ ಪಡಸಾಲೆಯಲ್ಲಿ ಬಳಗವೆಲ್ಲ ಸೇರಿತ್ತು. ಶಿವಪುತ್ರಪ್ಪನವರು ಬಿಳಿ ಟೋಪಿ ಹಾಕಿಕೊಂಡು ನಡುವಿನ ಕುರ್ಚಿಯಲ್ಲಿ ಕೂತು ಕರದಂಟು ತಿನ್ನುತ್ತಿದ್ದರು. ಯಂತ್ರಕ್ಕೆ ಪೂಜೆಯಾಯಿತು. ಅದರ ನೆತ್ತಿಗೇ ತೆಂಗಿನಕಾಯಿ ಒಡೆಯಲು ಹೊರಟಿದ್ದ, ಪೂಜೆಗೆ ಬಂದ ಅಯ್ಯನವರ ಕೈಯನ್ನು ನಾನು ಸಮಯಕ್ಕೆ ಸರಿಯಾಗಿ ಹಿಡಿದೆ. ಅವರೆಲ್ಲ ಫರಾಳದ ತಿಂಡಿ ಮುಗಿಸಿ ಬರುವಷ್ಟರಲ್ಲಿ ನಿಜವಾದ ಊರುಗಳು, ನಿಜವಾದ ಲಾರಿಗಳನ್ನೆಲ್ಲ ತುಂಬಿ ಒಮ್ಮೆ ಓಡಿಸಿ ನೋಡಿಬಿಡೋಣವೆಂದು ಕೂತೆ. ಪ್ರೋಗ್ರಾಮು ಶುರುವಾಗಿ, ಸ್ವಲ್ಪ ಮುಂದೆ ಹೋಗಿ, ನಿಂತಿತು. ಫೈಲು ತೆರೆಯಲಾಗುವುದಿಲ್ಲ ಎಂದಿತು.

ಹೊರಗೆ ಕುರ್ಚಿಗಳು ಸರಿಯುವ ಸದ್ದು ಕೇಳಿಸಿತು. ಅಪ್ಪಾಸಾಹೇಬರು ಬಾಗಿಲಲ್ಲಿ ತಲೆ ಹಾಕಿ, "ಬಾಯಾರ, ಕರಕೊಂಡ ಬರ್ಲೇನ್ರಿ?" ಎಂದರು. ನನ್ನ ಬಾಯಿಂದ ಬಂದ ಮಾತು, ಇನ್ನೊಂದು ಸುತ್ತು ಚಹಾ ಕೊಡಿರೆಂಬುದು. ಅವರ ಮುಖ ನೋಡಲಾಗಲಿಲ್ಲ. ಅವರು ಹೋದ ಮೇಲೆ ಎರಡೂ ಕೈಗಳ ಮೇಲೆ ಕೂತುಕೊಂಡು ವಿಚಾರ ಮಾಡಿದೆ. ಫೈಲು ಇದೆ. ನಿನ್ನೆ ಅದೊಂದನ್ನೇ ತೆರೆದಾಗ ತೆರೆದಿತ್ತು. ಇವತ್ತು ತೆರೆಯದಿದ್ದರೆ, ಅದಕ್ಕಿಂತ ಮೊದಲು ತೆರೆದವುಗಳ ಸಂಖ್ಯೆ ಹೆಚ್ಚಾಗಿರಬೇಕು. ಹಂಚಿನದೊಂದು, ಊರಿನದೊಂದು, ರಸ್ತೆಯದೊಂದು, ಲಾರಿಯದೊಂದು, ಅಂಗಡಿಗಳದೊಂದು ಎಂದು ನಾನು ಫೈಲುಗಳ ಸಾಲನ್ನೇ ಹಿಡಿದಿದ್ದೆ. ಒಂದೇ ಹೊತ್ತಿಗೆ ಇಷ್ಟೇ ಫೈಲು ತೆರೆಯಬಹುದೆಂದು ಯಂತ್ರ ತನ್ನಷ್ಟಕ್ಕೆ ಒಂದು ಮಿತಿ ಇಟ್ಟುಕೊಂಡಿರುತ್ತದೆ. ಮಿತಿ ಹೆಚ್ಚಿಸಲು ಒಂದೇ ಸಾಲು ಬೇಕು, ಶುರುವಾಗುವಾಗ ಯಂತ್ರ ಓದಿಕೊಳ್ಳುವ ಇನ್ನೊಂದು ಚಿಕ್ಕ ಫೈಲಿನಲ್ಲಿ. ಬರೆದೆ. ಆರಿಸಿದೆ, ಶುರು ಮಾಡಿದೆ. ಪ್ರೋಗ್ರಾಮು ನಿಲ್ಲದೆ ಕೊನೆಯತನಕ ಓಡಿತು. ಬಾಗಿಲು ತೆರೆದು, ಬರ್ರಿ ಎಂದೆ.

ಶಿವಪುತ್ರಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಬೇಕೆಂದೇ ತೊಡಕಿನ ಊರುಗಳನ್ನು ಹೇಳಿದರು: ಘಟ್ಟದ ಕಣಕುಂಬಿಗೆ ಇಷ್ಟು ಹಂಚು, ದೇಸೂರಿಗೆ ಇಷ್ಟು, ಕಾಕತಿಗೆ ಇಷ್ಟು, ನಡುವೆ ಒಂದು ಲಾರಿ ರಿಪೇರಿಗೆ ಹೋಗಿದೆ ಎಂದುಕೊಳ್ಳಿರಿ. ನಾನು ತುಂಬಿಸಿದೆ. ಪ್ರಿಂಟರು ಕಿರಗುಟ್ಟುತ್ತ ಕಾಗದ ಉಗುಳಿತು. ಅವರು ಕಣ್ಣು ಮುಚ್ಚಿ, ಬೆರಳಿನ ಗೆಣ್ಣು ಎಣಿಸುತ್ತ ತಮ್ಮ ತಲೆಯಲ್ಲಿ ಅದೇ ಲೆಕ್ಕ ಮಾಡಿದರು. ಪ್ರಿಂಟರು ನಿಂತ ಮೇಲೂ ಅವರ ಗೆಣ್ಣು ನಿಂತಿರಲಿಲ್ಲ. ಕೊನೆಗೆ ಕಣ್ಣು ತೆರೆದು, ಕಾಗದ ಓದಿಸಿಕೊಂಡು, "ಬರೋಬ್ಬರಿ ಐತಿ" ಎಂದರು. ಅಪ್ಪಾಸಾಹೇಬರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೆ ಇಷ್ಟು ಕಷ್ಟಪಟ್ಟು ದೊರಕಿಸಿಕೊಂಡ ಸೊನ್ನೆಯನ್ನು ಯಾರಿಗೂ ತೋರಿಸದೆ ಇರುವುದು ನನ್ನಿಂದಾಗಲಿಲ್ಲ. ಎಲ್ಲರೂ ಇರುವಾಗಲೇ ಪ್ರೋಗ್ರಾಮನ್ನು ಇನ್ನೊಮ್ಮೆ ಕಂಪೈಲರಿಗೆ ಕೊಟ್ಟೆ. ಸೊನ್ನೆ ಬಂದ ಕೂಡಲೇ ಬೆರಳಿಟ್ಟು ತೋರಿಸಿ, ಮೊದಲು ನೂರಾರು ತಪ್ಪುಗಳಿದ್ದವು, ಈಗ ಒಂದೂ ಇಲ್ಲ ಎಂದು ಘೋಷಿಸಿದೆ. ಬಳಗ ತಲೆದೂಗಿತು. ಶಿವಪುತ್ರಪ್ಪನವರು ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದರು.

"ತಪ್ಪ ತಿದ್ದಾಕ ಅಂತ ಬಾಯಾರ್ನ ಇಟಗೊಂಡಿದ್ರಿ ಹೌದಲ್ರಿ?" ಎಂದು ಅಪ್ಪಾಸಾಹೇಬರನ್ನು ಕೇಳಿದರು. "ತಪ್ಪೆಲ್ಲಾ ಮುಗದ್ವು ಅಂತ ಅವರ ಹೇಳಾಕತ್ತಾರ. ಇನ್ನ ಅವರಿಗೇನ ಕೆಲಸ?"

ಅಪ್ಪಾಸಾಹೇಬರು ಈ ದಿಕ್ಕಿನಿಂದ ವಿಚಾರ ಮಾಡಿರಲಿಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಈಗ ಮಾಡತೊಡಗಿದ್ದಾರೆಂಬುದೂ ಕಾಣುತ್ತಿತ್ತು. ಒಮ್ಮೆ ಭಾವನವರ ಮಾತು ಮೀರಿದವರು ಎರಡನೆಯ ಸಲ ಮೀರುವವರಲ್ಲ. ನನ್ನ ಕಣ್ಣಮುಂದೆ ಉಪ್ಪಿಟ್ಟಿನ ತಾಟು ಹಾದುಹೋಯಿತು.

"ಇವತ್ತಿಗೆ ಇಲ್ಲರಿ," ಎಂದೆ. "ನಾಳೆ ಹೊಸಾ ಊರು ಬಂತಂದ್ರ, ಹೊಸಾ ಹಂಚ ಮಾಡಿದ್ರ, ಹೊಸಾ ಲಾರಿ ತಗೊಂಡ್ರ, ಮತ್ತ ಹುಟ್ಟತಾವ್ರಿ. ಎಷ್ಟ ಬೇಕಾದ್ರೂ ಹುಟ್ಟತಾವ."

ಲಾರಿ ಎಂಬ ಮಾತಿಗೆ ಅವರ ಕಿವಿ ನಿಮಿರಿತು. ಸ್ವಲ್ಪ ಹೊತ್ತು ಮೀಸೆ ತಿರುವಿದರು. ಅಂದರೆ ಇದಕ್ಕೂ ಡ್ರೈವರು ಬೇಕು ಎಂದಾಯಿತು, ಲಾರಿ ತೊಗೊಂಡು ಡ್ರೈವರನನ್ನು ಬಿಡಿಸಿದರೆ ಹೇಗೆ ನಡೆದೀತು, ಎಂದು ತಾವೇ ತೀರ್ಪು ಕೊಟ್ಟರು. ಬಳಗ ಮತ್ತೆ ತಲೆದೂಗಿತು. ನನ್ನ ನೌಕರಿ ಖಾಯಂ ಆಯಿತು. ಅಪ್ಪನ ಮುಂದೆ ಆ ಸಂಜೆ ಸಕ್ಕರೆ ಹಂಚಿದೆ. ಅವರು ದೊಡ್ಡ ಟೈಪಿಂಗಿನ ಬಗ್ಗೆ ಓಣಿಯವರಿಗೆಲ್ಲ ತಾವೇ ಹೇಳಿಕೊಂಡು ಬಂದರು.

ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ಬೆಳಿಗ್ಗೆ, ಕಣಕುಂಬಿಯ ರಸ್ತೆಗೆ ಮಳೆಗಾಲದಲ್ಲಿ ಬೇರೆಯದೇ ಲೆಕ್ಕ ಬೇಕಲ್ಲವೇ ಎಂದು ನನಗೆ ಗಾಡಿಯಲ್ಲಿಯೇ ಹೊಳೆಯಿತು. ಯಾರೂ ಕೇಳಿರಲಿಲ್ಲ, ಮಳೆಗಾಲವೂ ಮುಗಿದಿತ್ತು. ಹೋದವಳೇ ಕೂತು ಅದನ್ನು ಬರೆದು ಕಂಪೈಲರಿಗೆ ಕೊಟ್ಟೆ. ಪರದೆ ತುಂಬ ತಪ್ಪುಗಳು ಬಂದವು, ಮೇಲಕ್ಕೆ ಸರಿದು ಮತ್ತೆ ಬಂದವು. ನಾನು ಅವನ್ನು ತಿದ್ದಲು ಅವಸರ ಮಾಡಲಿಲ್ಲ. ಎದ್ದು ಬಾಗಿಲು ಪೂರ್ತಿ ತೆರೆದಿಟ್ಟು, ಆಫೀಸಿನಲ್ಲಿ ಅಪ್ಪಾಸಾಹೇಬರು ಕೂಡುವ ಕುರ್ಚಿಗೆ ಕಾಣುವಂತೆ ಪರದೆಯನ್ನು ಆ ಕಡೆಗೆ ಸ್ವಲ್ಪ ತಿರುಗಿಸಿದೆ.